ಜ್ವರ ಬಂದು ಮಲಗಿದರೆ ಪಗಾರ ಕಟ್ ಮಾಡಬಹುದಾ? ಅಂಗಡಿ ಕೆಲಸದವರಿಗೆ ಸೂಟಿ ಇದೆಯೋ ಇಲ್ಲವೋ?

ಮಂಜು_ಗೋಕುಲರಸ್ತೆ
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. ನನ್ನ ತಮ್ಮ ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಅಂಗಡಿ ಹೆಸರು ಬೇಡ. ನಾಲ್ಕು ವರ್ಷದಿಂದ ಅಲ್ಲೇ ಇದ್ದಾನೆ, ಪಗಾರ 13,000. ಹೋದ ತಿಂಗಳು ಟೈಫಾಯ್ಡ್ ಆಯಿತು. ಮೊದಲು ಕೆಲವು ದಿನ ಗುಳಿಗೆ ನುಂಗಿಕೊಂಡೇ ಕೆಲಸಕ್ಕೆ ಹೋದ. ಆಮೇಲೆ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದಾಗಲೇ ಕಣ್ಣಿಗೆ ಕತ್ತಲು ಬಂದು ಗಾದಿ ಮೇಲೆ ಬಿದ್ದ. ಡಾಕ್ಟರು ಎರಡು ವಾರ ಏಳಲೇಬೇಡ ಅಂದರು. ಪಗಾರದ ದಿನ ಅರ್ಧ ಪಗಾರ ಕೈಗೆ ಬಂತು. ಕೇಳಿದರೆ ಮಾಲಕರು "ಆರಾಮ ಇಲ್ಲಂದ್ರ ಮನ್ಯಾಗ ಮಲಕೋ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಬರದ ದಿನದ ಪಗಾರ ಯಾವ ಲೆಕ್ಕದಾಗ ಕೊಡ್ಲಿ?" ಅಂದರಂತೆ. ಕೆಟ್ಟ ಮನುಷ್ಯ ಅಲ್ಲ ಅವರು, ದೀಪಾವಳಿಗೆ ಬೋನಸ್ಸು, ಬಟ್ಟೆ ಎಲ್ಲಾ ಕೊಡುತ್ತಾರೆ. ಆದರೂ ಔಷಧಿ ಖರ್ಚು ಜಾಸ್ತಿ ಆದ ತಿಂಗಳೇ ಪಗಾರ ಅರ್ಧ ಬಂದರೆ ಮನೆ ನಡೆಯೋದು ಹೇಗೆ? ಕಾಯ್ದೆಯಲ್ಲಿ ನಮ್ಮಂಥವರಿಗೆ ಏನಾದರೂ ಇದೆಯಾ, ಇಲ್ಲ ಎಲ್ಲಾ ಸರ್ಕಾರಿ ನೌಕರರಿಗೆ ಮಾತ್ರನಾ?

ಸವಣೂರ_ಖಾರ
ಕಾಯ್ದೆ ಇದೆ. ಅದನ್ನು ಓದಿದ ಮಾಲಕ ಇಲ್ಲ.

ವಕೀಲ_ಮಾಳಮಡ್ಡಿ
ಇದೆ ಮಂಜು ಅವರೇ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅಂಗಡಿ, ಹೋಟೆಲು, ಖಾಸಗಿ ಆಫೀಸು ಎಲ್ಲಾ ಇದರಲ್ಲಿ ಬರುತ್ತವೆ. ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಪಗಾರ ಸಮೇತ ರಜೆ. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೂ ಉಂಟು. ಇದಲ್ಲದೆ 20 ದಿನ ದುಡಿದರೆ ಒಂದು ದಿನದಂತೆ ಗಳಿಕೆ ರಜೆ ಬೇರೆ. ನಿಮ್ಮ ತಮ್ಮ ನಾಲ್ಕು ವರ್ಷದ ಕೆಲಸಗಾರ, ಎರಡು ವಾರದ ಬಹುಪಾಲು ದಿನಗಳಿಗೆ ಪಗಾರ ಬರಲೇಬೇಕಿತ್ತು. "ಯಾವ ಲೆಕ್ಕದಾಗ" ಅಂದರೆ ಈ ಲೆಕ್ಕದಲ್ಲಿ. ದವಾಖಾನೆ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟು ಎಲ್ಲಾ ಜೋಪಾನ ಇಡಿ.

ಬೆಟಗೇರಿ_ಕಿರಾಣಿ
ನಾನು ಗದಗದಲ್ಲಿ ಅಂಗಡಿ ಇಟ್ಟವನು, ಹಾಗಾಗಿ ನನ್ನ ಮಾತೂ ಸ್ವಲ್ಪ ಕೇಳಿ. ಐದು ಮಂದಿ ಹುಡುಗರು ನನ್ನಲ್ಲಿ. ವಕೀಲರು ಹೇಳಿದ ಲೆಕ್ಕ ಹಿಡಿದರೆ ಬರೀ ಕಾಯಿಲೆಗೇ 60 ದಿನ ಕೂಲಿ ಸುಮ್ನೆ ಕೊಡಬೇಕು. ಬದಲಿಗೆ ಬಂದವನಿಗೆ ಮತ್ತೆ ಕೊಡಬೇಕು. ನನಗೆ ಜ್ವರ ಬಂದರೆ ಯಾರು ಪಗಾರ ಕೊಡುತ್ತಾರೆ ಹೇಳಿ? ಮೈ ಕಾದು ಕೆಂಡ ಆಗಿದ್ದರೂ ಬೆಳಿಗ್ಗೆ ಶಟರ್ ಎತ್ತುವವನು ನಾನೇ. ಇನ್ನೊಂದು, ಸೋಮವಾರ ಬರುವ ಜ್ವರದ ಬಗ್ಗೆ ಯಾರೂ ಮಾತಾಡುವುದಿಲ್ಲ. ರವಿವಾರ ಮದುವೆ, ಸೋಮವಾರ ಹೊಟ್ಟೆನೋವು. ನೂರಿನ್ನೂರು ಕೊಟ್ಟರೆ ಸರ್ಟಿಫಿಕೇಟ್ ಬರೆದು ಕೊಡುವ ಕ್ಲಿನಿಕ್ಕುಗಳು ಪ್ರತಿ ಓಣಿಯಲ್ಲೂ ಇವೆ.

ಚಿಗರಿ_ಪಾಸು
ಕಿರಾಣಿ ಅಣ್ಣಾ, ಐದೂ ಮಂದಿ ವರ್ಷದ 12 ದಿನವೂ ಕಾಯಿಲೆ ಬೀಳುತ್ತಾರಾ? ಹಾಗಾದರೆ ಮೊದಲು ಅಂಗಡಿಯ ನೀರು ಟೆಸ್ಟ್ ಮಾಡಿಸಿ.

ಬೆಟಗೇರಿ_ಕಿರಾಣಿ
ನಗ್ರಿ ನಗ್ರಿ. ಉದ್ರಿ ವಸೂಲಿಗೆ ಒಂದು ದಿನ ನನ್ನ ಜೊತೆ ಬನ್ನಿ, ಆಮೇಲೆ ನಗಿ.

ಪೆನ್ಶನ್_ಕಾಕಾ
ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರ್ ಆದವನು. ನಮ್ಮಲ್ಲಿ "ಸಿಕ್ ಹಾಕೋದು" ಅಂತಿತ್ತು. ರೈಲ್ವೆ ಡಾಕ್ಟರ ಹತ್ತಿರ ಹೋಗಿ ಸಿಕ್ ಬರೆಸಬೇಕು, ವಾಸಿಯಾದ ಮೇಲೆ ಅವರಿಂದಲೇ ಫಿಟ್ ತಗೊಂಡು ಬಂದರೆ ಮಾತ್ರ ಡ್ಯೂಟಿಗೆ ಸೇರಿಸಿಕೊಳ್ಳುತ್ತಿದ್ದರು. ಕಿರಾಣಿ ತಮ್ಮ ಹೇಳೋದು ಸುಳ್ಳಲ್ಲ. ಮುಂಗಾರು ಬಿತ್ತಿಗೆ ಶುರುವಾದರೆ ಸಾಕು, ಕುಂದಗೋಳ ನವಲಗುಂದ ಕಡೆಯವರಿಗೆಲ್ಲ ಒಟ್ಟಿಗೆ ಬೆನ್ನುನೋವು. ಒಬ್ಬರು ಡಾಕ್ಟರಿದ್ದರು, ನಾಡಿ ಹಿಡಿಯುವ ಮೊದಲು ಬೆರಳು ತಿರುವಿ ಉಗುರು ನೋಡುತ್ತಿದ್ದರು. ಉಗುರ ಸಂದಿಯಲ್ಲಿ ಎರೆ ಮಣ್ಣು ಕಂಡರೆ "ಮಳಿ ಚಲೋ ಆಗೇತೇನೋ ಊರಾಗ?" ಅಂತ ಕೇಳೋರು. ಅವನು ಖುಷಿಯಿಂದ ಹೌದ್ರೀ ಅಂದ ಕೂಡಲೇ ಫಿಟ್!
ಆದರೆ ಒಂದು ಹೇಳುತ್ತೇನೆ. ಇಷ್ಟೆಲ್ಲ ಕಳ್ಳಾಟ ನಡೆದರೂ ಆ ವರ್ಕ್‌ಶಾಪು ನೂರು ವರ್ಷ ದಾಟಿ ನಡೆಯುತ್ತಲೇ ಇದೆ. ನಿಜವಾಗಿ ಕ್ಷಯ ಆಗಿ ತಿಂಗಳುಗಟ್ಟಲೆ ಮಲಗಿದವರು ಮನೆ ಮಾರದೆ ಉಳಿದದ್ದು ಅದೇ ಸಿಕ್ ರಜೆಯಿಂದ. ನಾಲ್ಕು ಜನ ಕಳ್ಳರು ಅಂತ ನಲವತ್ತು ಜನರ ರಜೆ ಕಿತ್ತುಕೊಳ್ಳೋದು ಯಾವ ನ್ಯಾಯ?

ಸಾಲಿ_ಮಾಸ್ತರ
ಸರ್ಕಾರಿ ನೌಕರರಿಗೆ ಮಾತ್ರನಾ ಅಂತ ಮಂಜು ಕೇಳಿದ್ದಾರೆ. ನಮಗೂ ಎಲ್ಲರೂ ಅಂದುಕೊಂಡಷ್ಟು ಇಲ್ಲ ರೀ. 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು ಸಾಂದರ್ಭಿಕ ರಜೆ 15 ಇದ್ದದ್ದನ್ನು 10ಕ್ಕೆ ಇಳಿಸಿದರು.

ಸವಣೂರ_ಖಾರ
ಮಾಸ್ತರ, ಬ್ಯಾಸಗಿ ಸೂಟಿ ದಸರಾ ಸೂಟಿ ಲೆಕ್ಕ ಹೇಳಲೇ ಇಲ್ಲ.

ಲತಾ_ಲಕ್ಷ್ಮೇಶ್ವರ
ಮಾಸ್ತರ ದುಃಖ ಅರ್ಥವಾಗುತ್ತದೆ ಸರ್, ಆದರೆ ನಾನು ಅತಿಥಿ ಶಿಕ್ಷಕಿ. ಅದೇ ಸ್ಟಾಫ್ ರೂಮು, ಅದೇ ಹಾಜರಿ, ಅದೇ ಮಕ್ಕಳು. ಶಾಲೆ ಬಾಗಿಲು ಹಾಕಿದರೆ ನಮ್ಮ ಗೌರವಧನವೂ ಬಾಗಿಲು ಹಾಕುತ್ತದೆ. ಹೋದ ವರ್ಷ ಗಂಟಲು ಪೂರ್ತಿ ಕಟ್ಟಿತ್ತು, ದನಿಯೇ ಇಲ್ಲ. ಬೋರ್ಡ್ ಮೇಲೆ ಬರೆದು ಬರೆದು ಪಾಠ ಮಾಡಿದೆ. ಹಿಂದಿನ ಬೆಂಚಿನವರಿಗೆ ಅದಕ್ಕಿಂತ ಖುಷಿಯ ವಾರ ಸಿಕ್ಕಿರಲಿಕ್ಕಿಲ್ಲ.

ಡಾಕ್ಟರ್_ರಾಣೆಬೆನ್ನೂರ
ವೈದ್ಯನಾಗಿ ಎರಡು ಮಾತು. ಟೈಫಾಯ್ಡ್‌ಗೆ ಸುಮ್ನೆ ರೆಸ್ಟ್ ಬರೆಯುವುದಿಲ್ಲ. ಜ್ವರ ಇಳಿದ ಮೇಲೂ ಕರುಳು ಸೂಕ್ಷ್ಮವಾಗಿರುತ್ತದೆ, ಕೆಲವರಲ್ಲಿ ಮತ್ತೆ ಮರುಕಳಿಸಬಹುದು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಇದು ಮಲದಿಂದ ಕೈಗೆ, ಕೈಯಿಂದ ಊಟಕ್ಕೆ, ನೀರಿಗೆ ದಾಟುವ ರೋಗ. ರೋಗಿ ಆರಾಮಾದಂತೆ ಕಂಡರೂ ಕೆಲವು ವಾರ ಮಲದಲ್ಲಿ ರೋಗಾಣು ಹೋಗುತ್ತಿರಬಹುದು. ಕೆಲವೇ ಕೆಲವರಲ್ಲಿ ವರ್ಷಗಟ್ಟಲೆ.
ಈಗ ಬಟ್ಟೆ ಅಂಗಡಿ ಬಿಡಿ, ಖಾನಾವಳಿ ನೆನೆಸಿಕೊಳ್ಳಿ. ನನ್ನ ಬಳಿ ರೊಟ್ಟಿ ಬಡಿಯುವ ಒಬ್ಬ ತಾಯಿ ಬಂದಿದ್ದರು. ರಕ್ತದಲ್ಲಿ ಟೈಫಾಯ್ಡ್ ಪಕ್ಕಾ. ಕೆಲಸಕ್ಕೆ ಹೋಗಬೇಡಿ ಅಂದೆ. "ರೊಟ್ಟಿ ಹಂಚಿನ ಮ್ಯಾಲೆ ಬೇಯತೈತಿ ಬಿಡ್ರಿ ಸಾಹೇಬ್ರ, ರೋಗ ಉಳಿತೈತೇನು?" ಅಂದರು. ರೊಟ್ಟಿಯಲ್ಲಿ ಉಳಿಯುವುದಿಲ್ಲ ನಿಜ. ಆದರೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಹೆಚ್ಚುವವರೂ ಅವರೇ, ಮೊಸರು ಬಡಿಸುವವರೂ ಅವರೇ. ನಾನು ಎಷ್ಟು ಹೇಳಿದರೇನು, ದಿನದ ಕೂಲಿ ಹೋಗುತ್ತದೆ ಅಂದಮೇಲೆ ಮರುದಿನವೇ ಹೋಗಿರುತ್ತಾರೆ. ಆಹಾರ ಸುರಕ್ಷತೆಯ ನಿಯಮದಲ್ಲಿ ಅಡುಗೆಯವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಟೈಫಾಯ್ಡ್ ಗುಂಪಿನ ರೋಗಕ್ಕೆ ಲಸಿಕೆ ಎಲ್ಲಾ ಇದೆ. ರೋಗ ಬಂದಾಗ ಅಡುಗೆಮನೆಯಿಂದ ದೂರ ಇಡಬೇಕು ಅಂತಲೂ ಇದೆ. ದೂರ ಇದ್ದ ದಿನದ ಕೂಲಿ ಯಾರು ಕೊಡಬೇಕು ಅನ್ನುವುದನ್ನು ಯಾರೂ ನೋಡುವುದಿಲ್ಲ. ಕೂಲಿ ಇಲ್ಲದೆ ಆ ನಿಯಮ ನಡೆಯುವುದಿಲ್ಲ, ಇದು ನನ್ನ ಅಭಿಪ್ರಾಯ.

ಉಣಕಲ್_ಕೆರೆ
ಡಾಕ್ಟ್ರೇ, ಇವತ್ತು ಮಧ್ಯಾಹ್ನ ಖಾನಾವಳಿಯಲ್ಲೇ ಉಂಡು ಬಂದೆ. ಈಗ ಹೇಳಿದಿರಲ್ಲ.

ಚಿಗರಿ_ಪಾಸು
ಹಾಗಾದರೆ ಗಿರ್ಮಿಟ್ ಕಥೆ ಏನು? ಅದರ ಮೇಲೂ ಹಸಿ ಉಳ್ಳಾಗಡ್ಡಿ ಅಲ್ವಾ?

ಡಾಕ್ಟರ್_ರಾಣೆಬೆನ್ನೂರ
ಗಿರ್ಮಿಟ್ ಬಗ್ಗೆ ನಾನು ಏನೂ ಹೇಳುವುದಿಲ್ಲ. ನಾನೂ ಈ ಊರುಗಳಲ್ಲೇ ಬದುಕಬೇಕು.

ಮ್ಯೂನಿಕ್_ಮಗ
ನಾನು ಧಾರವಾಡದವನು, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿ ಕಾಯಿಲೆ ಆದರೆ ಆರು ವಾರದವರೆಗೆ ಮಾಲಕರೇ ಪೂರ್ತಿ ಪಗಾರ ಕೊಡಬೇಕು, ಆಮೇಲೂ ವಾಸಿಯಾಗದಿದ್ದರೆ ಆರೋಗ್ಯ ವಿಮೆಯವರು ಕೊಡುತ್ತಾರೆ. ಇವರು ಕೆಲಸಗಾರರ ಕಾಯಿಲೆ ವಿಮೆ ಶುರು ಮಾಡಿದ್ದೇ 1883ರಲ್ಲಿ, ಬಿಸ್ಮಾರ್ಕ್ ಕಾಲದಲ್ಲಿ. ಮೂಗು ಸೋರುತ್ತಿದ್ದವನು ಆಫೀಸಿಗೆ ಬಂದರೆ ಜೊತೆಯವರೇ ಮನೆಗೆ ಅಟ್ಟುತ್ತಾರೆ.

ಬೆಟಗೇರಿ_ಕಿರಾಣಿ
ಜರ್ಮನಿಯಲ್ಲಿ ಉದ್ರಿ ಖಾತೆ ಇದೆಯಾ ತಮ್ಮಾ? ಅಮೆರಿಕದಷ್ಟು ದೊಡ್ಡ ದೇಶದಲ್ಲೇ ಇದಕ್ಕೆ ಕಾಯ್ದೆ ಇಲ್ಲ ಅಂತ ಕೇಳಿದ್ದೇನೆ, ನಮಗೆ ಯಾಕೆ?

ವಕೀಲ_ಮಾಳಮಡ್ಡಿ
ಅರ್ಧ ಸರಿ. ಅಮೆರಿಕದಲ್ಲಿ ಇಡೀ ದೇಶದ ಖಾಸಗಿ ನೌಕರರಿಗೆ ಅನ್ವಯಿಸುವ ಕಾಯ್ದೆ ಇಲ್ಲ. ಕೊರೊನಾ ಬಂದಾಗ 2020ರಲ್ಲಿ ತಾತ್ಕಾಲಿಕವಾಗಿ ಎರಡು ವಾರದ್ದು ತಂದಿದ್ದರು, ಅದೂ ಎಲ್ಲರಿಗೂ ಅಲ್ಲ. ಆದರೆ ಹಲವು ರಾಜ್ಯಗಳಲ್ಲಿ ಇದೆ. ಮೊದಲು ಮಾಡಿದ ರಾಜ್ಯ ಕನೆಕ್ಟಿಕಟ್, 2011ರಲ್ಲಿ. ನಮ್ಮ ಕಾಯ್ದೆ 1961ರದ್ದು. ಕಾಗದದ ಮೇಲೆ ಅವರಿಗಿಂತ 50 ವರ್ಷ ಮುಂದಿದ್ದೇವೆ!

ಅದಿರಲಿ. ಮಂಜು ಅವರೇ, ಆ ಅಂಗಡಿಯಲ್ಲಿ ಒಟ್ಟು ಎಷ್ಟು ಮಂದಿ ಕೆಲಸಕ್ಕಿದ್ದಾರೆ? ಹತ್ತು ಅಥವಾ ಜಾಸ್ತಿ ಇದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಬರುತ್ತದೆ.

ಮಂಜು_ಗೋಕುಲರಸ್ತೆ
ತಮ್ಮನನ್ನು ಕೇಳಿದೆ ಸರ್. ಮೇಲಿನ ಮಹಡಿ, ಕೆಳಗಿನದು, ಗೋದಾಮು ಎಲ್ಲಾ ಸೇರಿ 15 ಮಂದಿ. ಆದರೆ ರಿಜಿಸ್ಟರಿನಲ್ಲಿ 8 ಹೆಸರು ಅಷ್ಟೇ ಇವೆಯಂತೆ. ಅವನ ಹೆಸರು ಇದೆಯೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಪಗಾರ ರೊಕ್ಕದಲ್ಲಿ ಕೈಗೆ ಕೊಡುತ್ತಾರೆ, ಚೀಟಿ ಇಲ್ಲ.

ಸವಣೂರ_ಖಾರ
ಜ್ವರ ಬರೋದಕ್ಕೂ ರಿಜಿಸ್ಟರಿನಲ್ಲಿ ಹೆಸರು ಬೇಕು ನೋಡ್ರಿ.

ವಕೀಲ_ಮಾಳಮಡ್ಡಿ
ಅಲ್ಲೇ ಇದೆ ಗುಟ್ಟು. ಹತ್ತು ಮುಟ್ಟಿದರೆ ಇಎಸ್‌ಐ ಅಂತ ಎಂಟಕ್ಕೇ ನಿಲ್ಲಿಸುತ್ತಾರೆ. ನಿಜವಾದ ಲೆಕ್ಕ ನೋಡಿ. 13,000 ಪಗಾರಕ್ಕೆ ಇಎಸ್‌ಐ ಅಂದರೆ ಕೆಲಸಗಾರನಿಂದ ಶೇ. 0.75, ಸುಮಾರು 98 ರೂಪಾಯಿ. ಮಾಲಕರಿಂದ ಶೇ. 3.25, ಸುಮಾರು 423 ರೂಪಾಯಿ. ಪಗಾರ 21,000ದವರೆಗೆ ಇದ್ದವರು ಇದರಲ್ಲಿ ಬರುತ್ತಾರೆ. ಕಾಯಿಲೆ ಆದರೆ ದಿನದ ಕೂಲಿಯ ಶೇ. 70 ಇಎಸ್‌ಐ ಕಡೆಯಿಂದ ಬರುತ್ತದೆ, ವರ್ಷಕ್ಕೆ 91 ದಿನದವರೆಗೆ. ದಿನಕ್ಕೆ 500 ಇದ್ದವನಿಗೆ 350. ಮಾಲಕರು ಆ ದಿನಗಳಿಗೆ ಗಲ್ಲೆಯಿಂದ ತೆಗೆದು ಕೊಡಬೇಕಾದ್ದೇ ಇಲ್ಲ. ಮನೆಯವರಿಗೆಲ್ಲಾ ಔಷಧೋಪಚಾರ ಬೇರೆ. ಕ್ಷಯ, ಕ್ಯಾನ್ಸರಿನಂಥ ದೊಡ್ಡ ರೋಗಕ್ಕೆ ಶೇ. 80ರಂತೆ ಇನ್ನೂ ಉದ್ದದ ಅವಧಿ ಇದೆ.

ತಾರಿಹಾಳ_ಶಿಫ್ಟ್
ನಾನು ಇಎಸ್‌ಐ ಇರುವವನು, ಫ್ಯಾಕ್ಟರಿ ಕೆಲಸ. ವಕೀಲರು ಹೇಳಿದ್ದು ಹೌದು, ಆದರೆ ಅಷ್ಟು ಸಸಾರ ಅಲ್ಲ. ಮೊದಲ ಎರಡು ದಿನಕ್ಕೆ ರೊಕ್ಕ ಇಲ್ಲ, ಮೂರನೇ ದಿನದಿಂದ ಲೆಕ್ಕ. ಅಂದರೆ ಸಣ್ಣ ಜ್ವರಕ್ಕೆ ಏನೂ ಸಿಗಲ್ಲ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿರಬೇಕು. ಗುತ್ತಿಗೆದಾರ ನಡುವೆ ಹೆಸರು ತೆಗೆದು ಮತ್ತೆ ಹೊಸದಾಗಿ ಸೇರಿಸಿದರೆ ಆ ಲೆಕ್ಕವೂ ಕೆಡುತ್ತದೆ. ಮತ್ತೆ ಸರ್ಟಿಫಿಕೇಟು ಬೇರೆ ಕಡೆಯದು ನಡೆಯಲ್ಲ, ಅವರ ಡಾಕ್ಟರದ್ದೇ ಆಗಬೇಕು. ಮೈಯಲ್ಲಿ ಜ್ವರ ಇಟ್ಟುಕೊಂಡು ಕ್ಯೂನಲ್ಲಿ ನಿಂತಾಗ, ಶಿಫ್ಟಿಗೆ ಹೋಗಿದ್ದರೇ ಆರಾಮಿತ್ತಲ್ಲಾ ಅನಿಸುತ್ತದೆ. ಆದರೂ ಕಾಲು ಮುರಿದಾಗ ಮನೆ ನಡೆದದ್ದು ಅದರಿಂದಲೇ. ಸುಳ್ಳು ಹೇಳಲ್ಲ.

ಬ್ಯಾಗ್_ಹುಡುಗ
ನಿಮಗೆ ಕ್ಯೂ ಆದರೂ ಇದೆ. ನಾನು ಆ್ಯಪಿನಲ್ಲಿ ಊಟ ಡೆಲಿವರಿ ಮಾಡುವವನು, ವಿದ್ಯಾನಗರ ದೇಶಪಾಂಡೆನಗರ ಕಡೆ. ನನಗೆ ಮಾಲಕನೇ ಇಲ್ಲ, ನಾನು "ಪಾರ್ಟ್ನರ್" ಅಂತೆ. ವಾರದ ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್. ಶನಿವಾರ ಜ್ವರ ಬಂದರೆ ಶನಿವಾರದ್ದು ಮಾತ್ರ ಹೋಗಲ್ಲ, ಇಡೀ ವಾರದ್ದು ಹೋಗುತ್ತದೆ. ಹಾಗಾಗಿ ಗುಳಿಗೆ ತಗೊಂಡು, ರೇನ್‌ಕೋಟ್ ಹಾಕಿಕೊಂಡು ಹೊರಡೋದೇ. 2025ರಲ್ಲಿ ಗಿಗ್ ಕಾರ್ಮಿಕರಿಗೆ ಅಂತ ರಾಜ್ಯದಲ್ಲಿ ಕಾಯ್ದೆ ಬಂತು, ಪ್ರತಿ ವ್ಯವಹಾರದಲ್ಲಿ ನಮಗೆ ಕೊಡುವ ಮೊತ್ತದ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕ, ಮಂಡಳಿ ಎಲ್ಲಾ ಇದೆ. ಒಳ್ಳೇದೇ. ಆದರೆ ಜ್ವರ ಬಂದ ದಿನ ಆ್ಯಪು ರೊಕ್ಕ ಹಾಕಬೇಕು ಅಂತ ಅದರಲ್ಲಿ ಇಲ್ಲ.

ಉಣಕಲ್_ಕೆರೆ
ತಮ್ಮಾ, ಜ್ವರ ಇಟ್ಟುಕೊಂಡು ನಮ್ಮ ಊಟ ತರುತ್ತೀಯಾ? ಡಾಕ್ಟರು ಮೇಲೆ ಹೇಳಿದ್ದು ಓದಿದೆಯಾ?

ಬ್ಯಾಗ್_ಹುಡುಗ
ಓದಿದೆ ಅಣ್ಣಾ. ನೀವು ಟಿಪ್ ಎಷ್ಟು ಹಾಕುತ್ತೀರಿ ಹೇಳಿ, ಮನೆಯಲ್ಲೇ ಇರುತ್ತೇನೆ.

ಬ್ಯಾಡಗಿ_ಅಕ್ಕ
ಇಷ್ಟೊತ್ತು ಓದುತ್ತಾ ಕೂತಿದ್ದೆ. ಎಲ್ಲರಿಗೂ ಒಬ್ಬ ಮಾಲಕ, ಒಂದು ಪಗಾರ ಇದೆ ಅಂತಲೇ ಮಾತಾಡುತ್ತಿದ್ದೀರಿ. ನಮ್ಮೂರಿಗೆ ಬನ್ನಿ. ಸೋಮವಾರ, ಗುರುವಾರ ಮಾರುಕಟ್ಟೆ. ಸೀಜನ್ನಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೆಣ್ಣುಮಕ್ಕಳು ನೂರಾರು ಜನ ಕೂರುತ್ತಾರೆ. ನನ್ನ ಅವ್ವನೂ ಕೂತವಳು. ಕೂಲಿ ಕೆಜಿ ಲೆಕ್ಕ. ಎಷ್ಟು ಬಿಡಿಸಿದಿರೋ ಅಷ್ಟು, ತೂಗಿ ಕೊಡುತ್ತಾರೆ. ಇವತ್ತು ಒಬ್ಬರ ಗೋದಾಮು, ನಾಳೆ ಇನ್ನೊಬ್ಬರದು. ಮೂಗು ಬಾಯಿಗೆ ಸೆರಗು ಬಿಗಿದರೂ ಘಾಟು ಗಂಟಲಿಗಿಳಿಯುತ್ತದೆ. ಸಂಜೆ ಮನೆಗೆ ಬಂದರೆ ಅವ್ವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದಳು, ಆ ಕೈಯಲ್ಲಿ ಕೂಸನ್ನು ಮುಟ್ಟುತ್ತಿರಲಿಲ್ಲ. ಕೆಮ್ಮು ಕೆಲಸದ ಜೊತೆ ಬಂದದ್ದು, ಕೆಮ್ಮಿಗೆ ಸೂಟಿ ಯಾರ ಹತ್ತಿರ ಕೇಳಬೇಕು? ದಲಾಲರನ್ನಾ, ಖರೀದಿದಾರರನ್ನಾ, ಕೆಲಸಕ್ಕೆ ಕರೆದುಕೊಂಡು ಹೋಗುವ ಮೇಸ್ತ್ರಿಯನ್ನಾ? ನಿಮ್ಮ 12 ದಿನ, 91 ದಿನ ಎಲ್ಲಾ ನಮ್ಮ ಹೊಸ್ತಿಲ ಹೊರಗೇ.

ಪೆನ್ಶನ್_ಕಾಕಾ
ಸತ್ಯವಾದ ಮಾತು ತಂಗಿ. ಅಮರಗೋಳ ಎಪಿಎಂಸಿಯ ಹಮಾಲರದ್ದೂ ಇದೇ ಪಾಡು. ಚೀಲ ಹೊತ್ತರೆ ಕೂಲಿ.

ತಾರಿಹಾಳ_ಶಿಫ್ಟ್
ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅಕ್ಕಾ, ಬಿಪಿಎಲ್‌ನವರಿಗೆ 5 ಲಕ್ಷದವರೆಗೆ?

ಬ್ಯಾಡಗಿ_ಅಕ್ಕ
ಅದು ದವಾಖಾನೆ ಖರ್ಚಿಗೆ ಅಣ್ಣಾ. ಮಲಗಿದ ದಿನ ಒಲೆ ಹಚ್ಚಲು ಅದು ಬರಲ್ಲ.

ವಕೀಲ_ಮಾಳಮಡ್ಡಿ
ಅಕ್ಕ ಹೇಳಿದ್ದು ಕಾಯ್ದೆಯ ದೊಡ್ಡ ತೂತು. ದಾರಿ ಇಲ್ಲ ಅಂತಲ್ಲ. ಕಟ್ಟಡ ಕಾರ್ಮಿಕರಿಗೂ ಮಾಲಕ ದಿನಕ್ಕೊಬ್ಬ. ಅವರಿಗೆ ಹೇಗೆ ಮಾಡಿದರು? ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ಹಾಕಿ ಮಂಡಳಿ ಕಟ್ಟಿದರು. ಹಾಗೇ ಎಪಿಎಂಸಿಯ ಮಾರುಕಟ್ಟೆ ಶುಲ್ಕದಲ್ಲಿ ಒಂದು ಪಾಲು ತೆಗೆದಿಟ್ಟು, ಹಮಾಲರಿಗೂ ತೊಟ್ಟು ಬಿಡಿಸುವವರಿಗೂ ಕಾಯಿಲೆ ದಿನದ ಕೂಲಿ ಕೊಡಬಹುದು. ಒಬ್ಬ ದಲಾಲರ ತಲೆ ಮೇಲೂ ಬೀಳಲ್ಲ, ಎಲ್ಲರಿಂದಲೂ ಚೂರು ಚೂರು.

ಬೆಟಗೇರಿ_ಕಿರಾಣಿ
ಶುಲ್ಕ ಏರಿಸಿದರೆ ವ್ಯಾಪಾರ ಮಾರುಕಟ್ಟೆಯ ಹೊರಗೆ ಹೋಗುತ್ತದೆ ವಕೀಲರೇ. ಹೊಲದಲ್ಲೇ ತೂಗಿ ಒಯ್ಯುತ್ತಾರೆ.

ವಕೀಲ_ಮಾಳಮಡ್ಡಿ
ಏರಿಸಿ ಅಂದೆನಾ? ಇರುವುದರಲ್ಲೇ ಪಾಲು ಅಂದೆ.

ಚಿಗರಿ_ಪಾಸು
ಇದರ ನಡುವೆ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ಮುಟ್ಟಿನ ರಜೆ ಬೇರೆ ಬಂತಲ್ಲ, 2025ರ ಅಕ್ಟೋಬರಿನಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿದ್ದು. ಇನ್ನು ಅಂಗಡಿಯವರು ಹುಡುಗಿಯರನ್ನು ಕೆಲಸಕ್ಕೆ ತಗೊಳ್ಳೋದೇ ಬಿಡುತ್ತಾರೆ ನೋಡಿ.

ಲತಾ_ಲಕ್ಷ್ಮೇಶ್ವರ
ಬಿಟ್ಟರೆ ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸು ಯಾರು ತೋರಿಸುತ್ತಾರೆ, ನೀವಾ? ಹೆರಿಗೆ ರಜೆ ಬಂದಾಗಲೂ ಇದೇ ಮಾತು ಆಡಿದ್ದರು. ರಜೆ ಕೊಡೋದು ಬೇಡ ಅನ್ನುವವರಿಗೆ ನಮ್ಮ ಕೆಲಸದ ಮೇಲೆ ಒಮ್ಮೆಲೇ ಕಾಳಜಿ ಬರುತ್ತದೆ ಯಾಕೋ. ಮತ್ತೆ ಅದು ಕಾಯಿಲೆ ರಜೆ ಅಲ್ಲ, ದಯವಿಟ್ಟು ಎರಡನ್ನೂ ಕಲಸಬೇಡಿ.

ಚಿಗರಿ_ಪಾಸು
ಸರಿ ಅಕ್ಕಾ. ಸುಮ್ನೆ ಕೇಳಿದೆ.

ಸಾಲಿ_ಮಾಸ್ತರ
ಹೊಸ ಕಾರ್ಮಿಕ ಸಂಹಿತೆ ಬಂದು ಹಳೇ ಕಾಯ್ದೆಗಳೆಲ್ಲಾ ರದ್ದಾದವು ಅಂತಾರಲ್ಲ, ಮತ್ತೆ ಈ 12 ದಿನ ಎಲ್ಲಿ ಉಳಿಯಿತು?

ವಕೀಲ_ಮಾಳಮಡ್ಡಿ
ಒಳ್ಳೆಯ ಪ್ರಶ್ನೆ ಸರ್. 2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ಅವು ಒಳಗೆ ಹಾಕಿಕೊಂಡದ್ದು 29 ಕೇಂದ್ರ ಕಾಯ್ದೆಗಳನ್ನು. ಅಂಗಡಿ ಕಾಯ್ದೆ ನಮ್ಮ ರಾಜ್ಯದ್ದು, ಅದು ಹಾಗೇ ಇದೆ. ಸಂಹಿತೆಯಿಂದ ಮಂಜು ಅವರ ತಮ್ಮನಿಗೆ ಒಂದು ಲಾಭ ಇದೆ. ನೇಮಕಾತಿ ಪತ್ರ ಕೊಡಲೇಬೇಕು. ಅವನು ಮೊದಲು ಅದನ್ನು ಕೇಳಲಿ. ಪತ್ರ ಕೈಗೆ ಬಂತೆಂದರೆ ನಾನು ನಿಮ್ಮಲ್ಲಿ ಕೆಲಸಕ್ಕಿದ್ದೇನೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮಂಜು_ಗೋಕುಲರಸ್ತೆ
ಕೇಳಿದರೆ ನಾಳೆಯಿಂದ ಬರಬೇಡ ಅಂದರೆ? ಕಾರ್ಮಿಕ ನಿರೀಕ್ಷಕರ ಹತ್ತಿರ ಹೋಗು ಅಂದೆ, ತಮ್ಮ ಬೇಡವೇ ಬೇಡ ಅಂತಾನೆ. ಮಾಲಕರು ಅಪ್ಪನಿಗೂ ಪರಿಚಯದವರು, ಅವನ ಮದುವೆಗೆ ಕೈಗಡ ಕೊಟ್ಟಿದ್ದಾರೆ, ಅದಿನ್ನೂ ತೀರಿಲ್ಲ.

ಪೆನ್ಶನ್_ಕಾಕಾ
ಹಾಗಿದ್ದರೆ ಜಗಳಕ್ಕೆ ಹೋಗಬೇಡ ತಮ್ಮಾ. ಅಪ್ಪನನ್ನೇ ಕರೆದುಕೊಂಡು ಹೋಗು. ಚಹಾ ಕುಡಿಯುತ್ತಾ ಲೆಕ್ಕ ತೋರಿಸು. ತಿಂಗಳಿಗೆ 423 ಅಂದರೆ ಅವರ ಅಂಗಡಿಯ ಕ್ಯಾರಿಬ್ಯಾಗ್ ಖರ್ಚೂ ಅಲ್ಲ. ಹೋದ ತಿಂಗಳದ್ದು ಕೈಗಡದಲ್ಲಿ ಮುರಿದುಕೊಳ್ಳಿ ಅಂತ ಕೇಳು. ರೊಕ್ಕ ಕೊಡು ಅಂದರೆ ಮುಖ ಸಿಂಡರಿಸುವವರು ಖಾತೆಯಲ್ಲಿ ಮುರಿಯಲು ಒಪ್ಪುತ್ತಾರೆ.

ಸವಣೂರ_ಖಾರ
ಕಾಕಾ ವಕೀಲರ ಹೊಟ್ಟೆ ಮೇಲೆ ಹೊಡೆದರು.

ವಕೀಲ_ಮಾಳಮಡ್ಡಿ
ಇಲ್ಲ, ಕಾಕಾ ಹೇಳಿದ ದಾರಿಯೇ ಮೊದಲು ನೋಡಿ. ಆದರೆ ಇಎಸ್‌ಐ ಇವತ್ತು ಮಾಡಿಸಿದರೆ ಹೋದ ತಿಂಗಳ ಕಾಯಿಲೆಗೆ ಏನೂ ಬರುವುದಿಲ್ಲ, ಅದು ಮುಂದಕ್ಕೆ.

ಬೆಟಗೇರಿ_ಕಿರಾಣಿ
ವಕೀಲರೇ, ನಾನೂ ಒಂದು ಕೇಳುತ್ತೇನೆ, ಯಾರೂ ನಗಬೇಡಿ. ನನ್ನಲ್ಲಿ ಐದೇ ಮಂದಿ. ಹತ್ತು ಆಗದಿದ್ದರೂ ನಾವಾಗಿಯೇ ಇಎಸ್‌ಐ ಸೇರಬಹುದಾ? 12,000 ಪಗಾರದವನಿಗೆ ನಾನು ತಿಂಗಳಿಗೆ 390 ಕಟ್ಟೋದು ಭಾರ ಅಲ್ಲ. ಜ್ವರ ಬಂದವನಿಗೆ ಪಗಾರ ಕೊಡೋದು ಬಿಡೋದು ಅಂತ ಪ್ರತಿ ಸಲ ಮುಖ ಕೆಡಿಸಿಕೊಳ್ಳೋದೇ ಭಾರ.

ವಕೀಲ_ಮಾಳಮಡ್ಡಿ
ಸಾಮಾಜಿಕ ಭದ್ರತೆ ಸಂಹಿತೆಯಲ್ಲಿ ಅದಕ್ಕೆ ಅವಕಾಶ ಇದೆ. ಮಾಲಕರು ಮತ್ತು ಹೆಚ್ಚಿನ ಕೆಲಸಗಾರರು ಒಪ್ಪಬೇಕು. ಐದರಲ್ಲಿ ಮೂವರು ಹೂಂ ಅನ್ನಲಿ, ಇಎಸ್‌ಐ ಆಫೀಸಿನಲ್ಲಿ ವಿಚಾರಿಸಿ.

ಬೆಟಗೇರಿ_ಕಿರಾಣಿ
ಈಗಷ್ಟೇ ಹುಡುಗರನ್ನು ಕೂರಿಸಿ ಕೇಳಿದೆ. ಇಬ್ಬರು ಹೂಂ. ಇಬ್ಬರು "90 ರೂಪಾಯಿ ಕಟ್ ಆಗ್ತೈತೇನ್ರಿ, ಹಂಗಾದ್ರ ಬ್ಯಾಡ್ರಿ" ಅಂದರು. ಐದನೆಯವನು ಸೂಟಿ ಹಾಕಿ ಊರಿಗೆ ಹೋಗಿದ್ದಾನೆ.

ಸವಣೂರ_ಖಾರ
ಆ ಸೂಟಿಗೆ ಪಗಾರ ಉಂಟೋ?

ಬೆಟಗೇರಿ_ಕಿರಾಣಿ
ಮಾವನ ಊರಿನ ಜಾತ್ರೆಗೆ ಹೋಗಿದ್ದಾನೆ ರೀ. ಅದಕ್ಕೆ ಯಾವ ಸಂಹಿತೆಯೂ ಇಲ್ಲ.